ಎಪ್ಪತ್ತೇಳಕ್ಕೆ ನೂರು

ದುರ್ಗಿಗುಡಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ
ಮೂವರು ಸೇರಿ ಒಂದು ಊರು ಕಟ್ಟುತ್ತಿದ್ದೇವೆ.
ಸಾವಿರ ವರ್ಷ ಹಿಂದಿನ ಚೀನಾ, ಸೊಂಗ್ ದೊರೆಗಳ ಕಾಲ,
ಬಿಯಾನ್ ಕಾಲುವೆಯ ದಂಡೆ.
ಮೂವರಲ್ಲಿ ಒಬ್ಬರೂ ಹುಬ್ಬಳ್ಳಿಯಿಂದಾಚೆ ಹೋದವರಲ್ಲ.

ಸುಗುಣಾ ಸೇತುವೆ ಕಟ್ಟುತ್ತಾಳೆ. ಸಾಗರದ ಗುಡಿಗಾರರ ಮನೆಯವಳು;
ಗಂಧದ ತುಂಡಿನಲ್ಲಿ ಆನೆ ಬಿಡಿಸಿದ ಕೈಯಲ್ಲಿ ಈಗ ಇಲಿ.
ಮೊಳೆಯಿಲ್ಲದೆ ಮರಕ್ಕೆ ಮರ ಕೂರಿಸುವ ಹದ
ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.
ಮೊದಲ ದೋಣಿ ಕೂವೆಮರ ಮಡಚಿ ಕಮಾನಿನಡಿ ತೂರಿದಾಗ
ಅಬ್ಬ, ಎಂದಳು, ತನಗೆ ತಾನೇ.

ಸಮೀವುಲ್ಲಾ ಲೆಕ್ಕದವನು. ಆ ಊರಲ್ಲಿ ಎಣ್ಣೆಯ ಬೆಲೆ ಏರುವುದು,
ಕತ್ತಲಾಗುವುದು, ನಾಯಿ ಬೊಗಳುವುದು ಅವನ ಕೈಯಲ್ಲಿ.
ಮಾತೆಲ್ಲ ನನ್ನದು.

ದುಡ್ಡು ಹಾಕುವವರು ಫೋನಿನಲ್ಲಿ: ನಾಯಕ ಯಾರು? ಕತ್ತಿ ಎಷ್ಟುದ್ದ?
ಸೇತುವೆಯ ಬುಡದಲ್ಲಿ ಕೂತು
ಬೇರೆಯವರ ಪತ್ರ ಬರೆದುಕೊಡುವವನು, ಎಂದೆ.
ಆ ಕಡೆ ಸ್ವಲ್ಪ ಹೊತ್ತು ಫ್ಯಾನು ತಿರುಗುವ ಸದ್ದು.
ಕುಂಚ ಒಂದು ಗೇಣು, ಎಂದು ಸೇರಿಸಿದೆ.

ಆ ಊರಿನ ಲೆಕ್ಕವೇ ಬೇರೆ.
ನಡುವೆ ತೂತಿರುವ ತಾಮ್ರದ ಕಾಸು, ದಾರಕ್ಕೆ ಪೋಣಿಸಿದ್ದು.
ಸರ್ಕಾರಕ್ಕೆ ಎಪ್ಪತ್ತೇಳು ಕೊಟ್ಟರೆ ನೂರು ಕೊಟ್ಟಂತೆ.
ಬೀದಿಯಲ್ಲಿ ಎಪ್ಪತ್ತೈದು. ಮೀನಿಗೆ, ಸೊಪ್ಪಿಗೆ ಎಪ್ಪತ್ತೆರಡು.
ಮುತ್ತಿಗೆ, ಮನೆಗೆಲಸದ ಹುಡುಗಿಗೆ, ಸಾಕುವ ಹುಳಹುಪ್ಪಟೆಗೆ
ಮೂರಕ್ಕೂ ಒಂದೇ ದರ, ಅರವತ್ತೆಂಟು.
ಬರೆದ ಅಕ್ಷರಕ್ಕೆ ಐವತ್ತಾರು.

ಸಮೀ ಕೆಂಪು ಗುರುತು ಹಾಕಿದ: ತಪ್ಪು.
ದಾರದಲ್ಲಿ ಐವತ್ತಾರು, ಪರದೆಯ ಮೇಲೆ ನೂರು.
ತಪ್ಪಲ್ಲ ಮಾರಾಯ, ಚರಿತ್ರೆ.
ಉಳಿದ ನಲವತ್ನಾಲ್ಕು ಯಾರ ಜೇಬಿಗೆ?
ಯಾರ ಜೇಬಿಗೂ ಅಲ್ಲ. ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿದ್ದಾರೆ.
ಕುರ್ಚಿ ಹಿಂದಕ್ಕೆ ವಾಲಿಸಿ ನಕ್ಕ:
ನಮ್ಮಪ್ಪ ಮೀನು ತೂಗುವಾಗ ಕಿಲೋದಲ್ಲಿ ಐಸೂ ಸೇರಿರುತ್ತಿತ್ತು.
ಕೊಳ್ಳುವವರು ಐಸು ಕೊಡವಿ ಎನ್ನುತ್ತಿರಲಿಲ್ಲ,
ಇನ್ನೊಂದು ಬಂಗುಡೆ ಹಾಕಿ ಎನ್ನುತ್ತಿದ್ದರು.

ಮಾತು ಹುಡುಕಲು ಡಿ.ಸಿ. ಆಫೀಸಿನ ಕಾಂಪೌಂಡಿಗೆ ಹೋದೆ.
ಅರ್ಜಿ ಬರೆಯುವ ಹಾಲಸ್ವಾಮಿ,
'ಳ' ಅರ್ಧ ಮಾತ್ರ ಮೂಡುವ ಅವರ ಟೈಪ್‌ರೈಟರ್.
ಅರ್ಜಿಗೆ ನೂರು ರೂಪಾಯಿ. ಕೈಗೆಷ್ಟು ಉಳಿಯುತ್ತೆ, ಎಂದೆ.
ಕೇಳಬಾರದ್ದು ಕೇಳಿದಂತೆ ಕಾರ್ಬನ್ ಹಾಳೆ ನೇರ ಮಾಡಿದರು.
ಪಡಿತರ ಚೀಟಿಯಲ್ಲಿ ಸತ್ತುಹೋದವಳೊಬ್ಬಳು
ಬದುಕಿದ್ದೇನೆಂದು ಬರೆಸಲು ಬಂದಿದ್ದಳು.
ಬರೆದರು. ಆಮೇಲೆ ಹಾಳೆ ಎತ್ತಿ ಹಿಡಿದು
ಅವಳಿಗೇ ಓದಿ ಹೇಳಿದರು, ನಿಂತು ನಿಂತು:
ಸದರಿ ಅರ್ಜಿದಾರಳು ಜೀವಂತವಾಗಿರುತ್ತಾಳೆ.
ಹೌದು, ಎಂದಳು. ಇನ್ನೊಂದ್ಸಲ ಓದಿ.

ಸಂಜೆ ಆಟಕ್ಕೆ ಒಂದು ಗುಂಡಿ ಸೇರಿತು: ಓದಿ ಹೇಳು.
ಒತ್ತಿದರೆ ಅಂಕವಿಲ್ಲ, ಯಾವ ಬಾಗಿಲೂ ತೆರೆಯುವುದಿಲ್ಲ.

ಆಡಿ ನೋಡಲು ಜೋಯ್ಲಿನ್ ಬಂದಳು,
ಮೆಗ್ಗಾನ್ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ದಂಗೆಕೋರರ ಸುಳಿವು ಬೇಡ, ಸುಂಕದವನ ಮುಂದೆ ನಿಲ್ಲಲೂ ಇಲ್ಲ.
ಎಣ್ಣೆ ಮಾರುವವಳ ಎದುರು ಕೂತುಬಿಟ್ಟಳು.
ಗಂಡ ಗಡಿಕಾವಲಿಗೆ ಉತ್ತರಕ್ಕೆ ಹೋಗಿದ್ದಾನೆ; ಬರೆಸುತ್ತಾಳೆ:
ಗಾಣ ರಿಪೇರಿಯಾಯಿತು. ಹಲ್ಲುನೋವು ಕಡಿಮೆ.
ನಿನ್ನ ಹಳೇ ಚಪ್ಪಲಿ ಯಾರಿಗೂ ಕೊಟ್ಟಿಲ್ಲ.
ಓದಿ ಹೇಳು, ಒತ್ತಿದಳು. ಮತ್ತೆ. ಏಳು ಸಲ.
ಇದಕ್ಕೆ ಉತ್ತರ ಯಾವಾಗ ಬರುತ್ತೆ?

ನಾನು ಬರೆದೇ ಇರಲಿಲ್ಲ.
ಅವನು ಹೋದ ದಿಕ್ಕಿಗೂ, ಅಲ್ಲಿಂದ ಬರಬೇಕಾದದ್ದಕ್ಕೂ
ನನ್ನ ಭಾಷೆಯಲ್ಲಿ ಒಂದೇ ಪದ.
ಆ ಎಣ್ಣೆಯವಳಿಗೆ ಅದೂ ಇಲ್ಲ.
ರಾತ್ರಿ ಮೂರು ಬರೆದೆ. ಒಂದರಲ್ಲಿ ಅವನು ಸತ್ತಿದ್ದ,
ಒಂದರಲ್ಲಿ ಬರುತ್ತಿದ್ದ, ಮೂರನೆಯದು ನನಗೇ ಓದಲಾಗಲಿಲ್ಲ.
ಮೂರನ್ನೂ ಅಳಿಸಿದೆ.

ಈಗ ದಿನಕ್ಕೊಂದು ದೋಣಿ ಬರುತ್ತದೆ, ಕೂವೆಮರ ಮಡಚಿಕೊಂಡು.
ಎಣ್ಣೆಯವಳು ಎದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ, ಎಂದು ಬರೆದಿದ್ದೆ.
ಅವರಿಗೆ ಸೆರಗಿಲ್ಲ ಕಣೇ, ಎಂದು ಸುಗುಣಾ ತಿದ್ದಿದಳು.
ತೋಳಿಗೆ ಒರೆಸಿಕೊಳ್ಳುತ್ತಾಳೆ.
ದೋಣಿ ದಾಟುತ್ತದೆ. ಕೂರುತ್ತಾಳೆ.
ಎಣ್ಣೆಯ ಬೆಲೆ ಒಂದು ಕಾಸು ಏರುತ್ತದೆ.